ಪುಷ್ಪಗಿರಿಗೆ ಫ್ರೆಂಡನ್ನ ಕರ್ಕೊಂಡು ಹೋಗ್ಲಾ?

ಪ್ರಶ್ನೆ: ಅಕ್ಕಾ, ನಾನು ಸೋಮವಾರಪೇಟೆಯವ್ನು. ಹೋದ ಡಿಸೆಂಬರ್‌ನಲ್ಲಿ ಮೈಸೂರಿನ ಫ್ರೆಂಡ್ ಜೊತೆ ತಡಿಯಂಡಮೋಳ್ ಬೆಟ್ಟ ಹತ್ತಿದ್ದೆ. ಹತ್ತೋವಾಗ ಅವ್ನೇ ಮುಂದೆ, ಇಳಿಯೋವಾಗ ಮಾತ್ರ ಮೊಣಕಾಲು ಹಿಡ್ಕೊಂಡು ಅಲ್ಲಲ್ಲೇ ಕೂತ್ಬಿಟ್ಟ, ಬೆಟ್ಟದ ಬುಡದ ನಾಲ್ಕುನಾಡು ಅರಮನೆ ಮುಟ್ಟೋಷ್ಟರಲ್ಲಿ ಕತ್ಲಾಗಿತ್ತು. ಈಗ ಪುಷ್ಪಗಿರಿ ಬೆಟ್ಟಕ್ಕೆ ಒಂದೇ ದಿನದಲ್ಲಿ ಹೋಗಿ ಬರೋಣ, ಎತ್ತರ ಕಡಿಮೆನೇ ಅಲ್ವಾ ಅಂತಾನೆ. ಕರ್ಕೊಂಡು ಹೋಗ್ಲಾ?

ಉತ್ತರ: ಕರ್ಕೊಂಡು ಹೋಗಪ್ಪ, ಆದ್ರೆ ಈ ವಾರಾನೇ ಬೇಡ.

ಎತ್ತರದ ಲೆಕ್ಕ ಸರಿನೇ, ತಡಿಯಂಡಮೋಳ್ 1748 ಮೀಟರ್, ಪುಷ್ಪಗಿರಿ 1712. ಆದ್ರೆ ತಡಿಯಂಡಮೋಳ್‌ನಲ್ಲಿ ಬಹಳ ದೂರ ಜೀಪ್ ಹೋಗೋ ಥರದ ದಾರಿ ಇದೆ, ಕೊನೆಯ ಶೋಲಾ ಕಾಡಿನ (ಹುಲ್ಲುಬೆಟ್ಟದ ನಡುವಿನ ದಟ್ಟ ಕಾಡು) ಏರು ಮಾತ್ರ ಕಡಿದು. ಪುಷ್ಪಗಿರಿಯಲ್ಲಿ ಬೀಡಳ್ಳಿ ಕಡೆಯಿಂದ ಹೋದ್ರೆ ಬೇರು, ಕಲ್ಲು, ಆಮೇಲೆ ಜಾರೋ ಹಾಸುಬಂಡೆ. ಕುಕ್ಕೆ ಕಡೆಯಿಂದಂತೂ 1500 ಮೀಟರ್‌ಗಿಂತ ಜಾಸ್ತಿ ಏರ್ಬೇಕು, ಅಷ್ಟನ್ನೂ ಇಳೀಬೇಕು, ಅದನ್ನ ಈ ಸಲಕ್ಕೆ ಮರೆತುಬಿಡಿ.

ನಾನೂ ನನ್ನ ಗೆಳತಿಯೂ ಬೀಡಳ್ಳಿಯಿಂದ ಹೋಗಿದ್ವಿ. ಇಳಿಯೋವಾಗ ಬಂಡೆ ಹತ್ರ ಅವ್ಳು ನಿಂತ್ಲು, ನಾನು ಕೆಳಗಿಂದ ಬೇಗ ಬಾರೇ ಅಂತ ಕೂಗ್ತಾನೇ ಇದ್ದೆ, ಕೊನೆಗೆ ವಾಪಸ್ ಹತ್ತಿ ಹೋದ್ರೆ ಅವ್ಳು ನನ್ನ ಕೈ ಹಿಡಿದು ತನ್ನ ತೊಡೆ ಮೇಲೆ ಇಟ್ಕೊಂಡ್ಲು. ಮೊಣಕಾಲಿನ ಮೇಲಿನ ಮಾಂಸ ನನ್ನ ಅಂಗೈ ಕೆಳಗೆ ಪಟಪಟ ಅಂತ ಅದುರ್ತಿತ್ತು, ಅವ್ಳು ಸುಮ್ಮನೆ ನಿಂತಿದ್ರೂನು. ಕೂಗಿದ್ದಕ್ಕೆ ನಂಗೆ ಇವತ್ತಿಗೂ ಬೇಜಾರಿದೆ.

ಇಳಿಯೋವಾಗ ತೊಡೆನೇ ಬ್ರೇಕು. ಹತ್ತೋವಾಗ ಆ ಮಾಂಸಖಂಡ ಕುಗ್ಗಿ ಮೈನ ಎತ್ತತ್ತೆ, ಇಳಿಯೋವಾಗ ಭಾರ ಹೊತ್ಕೊಂಡೇ ಹಿಗ್ಗತ್ತೆ, ಅದು ಸುಸ್ತಾದ್ರೆ ಏಟೆಲ್ಲ ಮೊಣಕಾಲಿಗೆ. ಹಾಗಾಗಿ ಚೆನ್ನಾಗಿ ಹತ್ತೋನು ಚೆನ್ನಾಗಿ ಇಳೀತಾನೆ ಅಂತೇನಿಲ್ಲ. ಮೈಸೂರಲ್ಲಿದ್ದಾನಲ್ಲ, ಚಾಮುಂಡಿ ಬೆಟ್ಟಕ್ಕೆ ಎಲ್ರೂ ಮೆಟ್ಟಿಲು ಹತ್ತಿ ಬಸ್ಸಲ್ಲಿ ಇಳೀತಾರೆ, ಇವ್ನು ಬಸ್ಸಲ್ಲಿ ಹೋಗಿ ಮೆಟ್ಟಿಲು ಇಳೀಲಿ! ಮೊದಲು ನಂದಿಯಿಂದ ಕೆಳಕ್ಕೆ, ಎರಡು ವಾರ ಆದ್ಮೇಲೆ ಪೂರ್ತಿ, ವಾರಕ್ಕೆರಡು ಸಲ, ಒಂದೂವರೆ ತಿಂಗಳು. ಶುರುವಲ್ಲಿ ತೊಡೆ ನೋಯತ್ತೆ, ಅದು ಸಹಜ. ಮೊಣಕಾಲು ಊದಿದ್ರೆ, ಇಲ್ಲಾ ಮಡಚೋವಾಗ ಸಿಕ್ಕಾಕ್ಕೊಂಡ ಹಾಗಾದ್ರೆ ಮೊದ್ಲು ಮೂಳೆ ಡಾಕ್ಟರಿಗೆ ತೋರಿಸಿ, ಬೆಟ್ಟ ಆಮೇಲೆ.

ಹೋಗೋ ದಿನ ಇಬ್ರಿಗೂ ಒಂದೊಂದು ಕೋಲು, ಮೂರು ಲೀಟರ್ ನೀರು, ಅಕ್ಕಿ ರೊಟ್ಟಿ. ಹಿಂದಿನ ದಿನ ಕಾಲುಗುರು ಕತ್ತರಿಸ್ಕೊಳ್ಳಿ, ಇಲ್ಲಾಂದ್ರೆ ಇಳಿಯೋವಾಗ ಶೂ ಮೂತಿಗೆ ಬಡಿದು ಕಪ್ಪಾಗತ್ತೆ. ಅರಣ್ಯ ಇಲಾಖೆ ಪರ್ಮಿಷನ್ ಮೊದ್ಲೇ ಮಾಡಿಸ್ಕೊಳ್ಳಿ, ಮಳೆಗಾಲದಲ್ಲಂತೂ ಬೇಡವೇ ಬೇಡ, ಜಿಗಣೆ ಬಿಡು, ಆ ಬಂಡೆ ಮೇಲೆ ಕಾಲೇ ನಿಲ್ಲಲ್ಲ.

ಇನ್ನೊಂದು, ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಿದ್ರೆ ಅಲ್ಲಿಂದ ವಾಪಸ್, ತುದಿ ಕಣ್ಣೆದುರಿಗೇ ಕಾಣ್ತಿದ್ರೂ. ಇದನ್ನ ಮನೆಯಲ್ಲೇ ಇಬ್ರೂ ಮಾತಾಡ್ಕೊಂಡು ಹೊರಡಿ, ಮೇಲೆ ಹೋದ್ಮೇಲೆ ಯಾರಿಗೂ ಬಾಯಿ ಬರಲ್ಲ. ಇಳಿಯೋವಾಗ ಅವ್ನನ್ನ ಮುಂದೆ ಬಿಡು, ಅವ್ನ ನಡಿಗೆನೇ ನಿಂದೂ. ಡಿಸೆಂಬರ್‌ನಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗ್ತಾನೆ, ಮರದಡಿ ಅದಕ್ಕೂ ಮುಂಚೆನೇ ಕತ್ಲು, ಆನೆ ಓಡಾಡೋ ಕಾಡು ಬೇರೆ. ಟಾರ್ಚು ಮೊಬೈಲಿಂದಲ್ಲ, ತಲೆಗೆ ಕಟ್ಕೊಳ್ಳೋದು, ಇಬ್ರಿಗೂ ಒಂದೊಂದು.