ಹೆಲಿಕಾಪ್ಟರ್ ಇರುವಾಗ ಪುಟ್ಟ ವಿಮಾನವೇಕೆ?

ಚಳ್ಳಕೆರೆಯ ಓದುಗರೊಬ್ಬರು ಕೇಳಿದ್ದಾರೆ: "ಕಾಡಿನಲ್ಲಿ ಬಂಡುಕೋರರನ್ನು ಎದುರಿಸಲು ಹೆಲಿಕಾಪ್ಟರ್ ಇದೆಯಲ್ಲ, ಗಿಡ್ಡ ರನ್‌ವೇಯಿಂದ ಏರುವ ಸಾಗಣೆ ವಿಮಾನಗಳ ಗೊಡವೆ ಏಕೆ? ನಮ್ಮ ಕುದಾಪುರದಂಥ ರನ್‌ವೇಯನ್ನು ದಟ್ಟಡವಿಯಲ್ಲಿ ಹಾಕಲಾದೀತೇ?"

ಸಂಪಾದಕರ ಉತ್ತರ:

ಕುದಾಪುರವನ್ನು ಮನಸ್ಸಿನಿಂದ ತೆಗೆದುಬಿಡಿ. ಚಾಲಕರಹಿತ ವಿಮಾನಗಳ ಪರೀಕ್ಷೆಗೆಂದು ಡಿಆರ್‌ಡಿಒ ಕಾವಲು ಬಯಲಿನಲ್ಲಿ ಹಾಸಿರುವ ಆ ರನ್‌ವೇ ಎರಡು ಕಿಲೋಮೀಟರ್ ದಾಟುತ್ತದೆ. ಇಲ್ಲಿ ಹೇಳುತ್ತಿರುವುದು ಮರ ಕಡಿದು, ಬೊಡ್ಡೆ ಕಿತ್ತು, ದಮ್ಮಸು ಹೊಡೆದ ತುಂಡು ನೆಲದ ಮಾತು.

ಮಲಯದಲ್ಲಿ (ಈಗ ಅದು ಮಲೇಷ್ಯಾದ ಭಾಗ) 1948ರಿಂದ 1960ರವರೆಗೆ ಬ್ರಿಟಿಷರು ಕಮ್ಯುನಿಸ್ಟ್ ಗೆರಿಲ್ಲಾಗಳೊಡನೆ ಕಾದಾಡಿದರು. ಒಳಕಾಡಿನ ಒರಾಂಗ್ ಅಸ್ಲಿ ಬುಡಕಟ್ಟಿನವರಿಂದ ಗೆರಿಲ್ಲಾಗಳಿಗೆ ಆಹಾರವೂ ಸುದ್ದಿಯೂ ಸಿಗುತ್ತಿದ್ದವು. ಅದನ್ನು ತಪ್ಪಿಸಲು ಸರ್ಕಾರ ಕಾಡಿನ ನಡುವೆಯೇ 'ಕೋಟೆ'ಗಳನ್ನು ಕಟ್ಟಿತು. (ದುರ್ಗದ ಏಳುಸುತ್ತಿನದನ್ನು ಕಲ್ಪಿಸಿಕೊಳ್ಳಬೇಡಿ, ಅವು ಬರೀ ಪೊಲೀಸ್ ಠಾಣೆಗಳು.) ಅಲ್ಲಿ ಔಷಧಿ ಸಿಗುತ್ತಿತ್ತು, ಅಂಗಡಿಯೂ ಇತ್ತು. ಜನರು ಆ ಕಡೆ ವಾಲಲು ಬಂದೂಕಿಗಿಂತ ಇವೇ ಹೆಚ್ಚು ನೆರವಾದವು ಎಂದು ನನ್ನ ಎಣಿಕೆ.

ಈ ಠಾಣೆಗಳನ್ನು ನಡೆಸಲು ನೆರವಾದದ್ದು ಪಯೋನಿಯರ್ ಎಂಬ ಒಂಟಿ ಎಂಜಿನ್ನಿನ ವಿಮಾನ. ಪೈಲಟ್ ಜೊತೆಗೆ ನಾಲ್ವರಿಗೆ ಜಾಗ. ಇಳಿದು ನಿಲ್ಲಲು ನೂರು ಮೀಟರಿಗಿಂತ ಕಡಿಮೆ ಓಟ ಸಾಕು. ಗುಟ್ಟು ರೆಕ್ಕೆಯಲ್ಲಿದೆ. ವೇಗ ಅರ್ಧಕ್ಕಿಳಿದರೆ ರೆಕ್ಕೆಯ ಎತ್ತುಬಲ ಕಾಲುಭಾಗಕ್ಕೆ ಕುಸಿಯುತ್ತದೆ. ಆ ಕೊರತೆಯನ್ನು ರೆಕ್ಕೆಯ ಮುಂದಿನ ಅಂಚಿನ ಸ್ಲ್ಯಾಟ್ ಮತ್ತು ಹಿಂಬದಿಯ ಅಗಲವಾದ ಫ್ಲ್ಯಾಪ್ ಎಂಬ ಚಾಚುವ ಪಟ್ಟಿಗಳು ತುಂಬಿಕೊಡುತ್ತವೆ. ಆಗಿನ ಹೆಲಿಕಾಪ್ಟರ್‌ಗಳೋ ಬಿಸಿಗಾಳಿಯಲ್ಲಿ ಭಾರ ಎತ್ತಲು ತಿಣುಕುತ್ತಿದ್ದವು, ದುರಸ್ತಿಯೂ ಮುಗಿಯುತ್ತಿರಲಿಲ್ಲ. ದಿನಸಿ ಸಾಗಿಸುವುದನ್ನೂ ಪಾಳಿಯ ಪೊಲೀಸರನ್ನು ಕರೆತರುವುದನ್ನೂ ಪಯೋನಿಯರ್‌ಗೆ ವಹಿಸಿದ್ದರಿಂದ, ನೆಲವೇ ಸಿಗದ ಕಡೆಯಿಂದ ಗಾಯಾಳುಗಳನ್ನು ಎತ್ತಿ ತರಲು ಹೆಲಿಕಾಪ್ಟರ್‌ಗಳಿಗೆ ಬಿಡುವಾಯಿತು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಎರಡೂ ಬೇಕು, ಕೆಲಸ ಬೇರೆ ಬೇರೆ.

ನಮ್ಮ ವಾಯುಪಡೆಯೂ 1963ರಿಂದ ಕೆನಡಾದ ಕ್ಯಾರಿಬೂ ವಿಮಾನವನ್ನು ಬಳಸಿತು. ಅದು 32 ಸೈನಿಕರನ್ನು ಹೊತ್ತು ಕಚ್ಚಾ ನೆಲದಲ್ಲಿ ಇಳಿಯಬಲ್ಲದು. ಇಳಿಯಲು ಜಾಗವಿಲ್ಲದಿದ್ದರೆ ಮೇಲಿನಿಂದಲೇ ಸಾಮಾನು ಬೀಳಿಸಬೇಕು. 1960ರಲ್ಲಿ ನಾಗಾ ಬೆಟ್ಟಗಳಲ್ಲಿ ಹಾಗೆ ಬೀಳಿಸುತ್ತಿದ್ದ ಡಕೋಟಾ ವಿಮಾನವನ್ನು ಬಂಡುಕೋರರು ಗುಂಡು ಹಾರಿಸಿ ನೆಲಕ್ಕಿಳಿಸಿ, ಸಿಬ್ಬಂದಿಯನ್ನು ಸೆರೆಹಿಡಿದಿದ್ದರು.

ಹಾಗೆಂದು ಏರ್‌ಸ್ಟ್ರಿಪ್ ಹಾಕಿದರೆ ಅಪಾಯ ತಪ್ಪಿತೆಂದಲ್ಲ. ವಿಮಾನ ಎಲ್ಲಿ ಇಳಿಯುತ್ತದೆ, ಯಾವ ದಿಕ್ಕಿನಿಂದ ಬರುತ್ತದೆ ಎಂಬುದು ಎದುರಾಳಿಗೂ ಗೊತ್ತಿರುತ್ತದೆ. ಸುತ್ತಲಿನ ದಿಣ್ಣೆಗಳನ್ನು ಹಗಲೂ ರಾತ್ರಿ ಕಾಯಲು ಜನರಿಲ್ಲದ ಠಾಣೆಗೆ ಹೆಲಿಕಾಪ್ಟರೇ ವಾಸಿ. ಅದಕ್ಕೂ ಗುಂಡು ತಗುಲುತ್ತದೆ, 2013ರ ಜನವರಿಯಲ್ಲಿ ಛತ್ತೀಸ್‌ಗಢದ ಸುಕ್ಮಾದಲ್ಲಿ ತಗುಲಿದಂತೆ.