ಆ ಕೆಂಪು ಸುಮ್ನೆ ಬಳಿದದ್ದಲ್ಲ, ಮೇಷ್ಟ್ರೇ

ಪಾಂಡವಪುರದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ದೂರದ ಗೆಲಾಕ್ಸಿಗಳ ಚಿತ್ರ ಹಾಕಿದ್ದೀರಿ. ಕಣ್ಣಿಗೆ ಕಾಣದ ಬೆಳಕಂತೆ. ಹಾಗಿದ್ದ ಮೇಲೆ ಕೆಂಪು ಬಣ್ಣ ಎಲ್ಲಿಂದ ಬಂತು? ಬಳಿದು ನಂಬಿಸುವುದು ಸರಿಯೇ? ಆಕಾಶದ ಒಂದೇ ಚೂರನ್ನು ವರ್ಷಗಟ್ಟಲೆ ನೋಡುವುದೇಕೆ? ಆ ದುರ್ಬೀನನ್ನು ನಮ್ಮ ಚಾಮುಂಡಿ ಬೆಟ್ಟದ ಮೇಲೆ ಇಡಬಾರದೇ?’

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ತಪ್ಪು ನಮ್ಮದೇ. ಚಿತ್ರದ ಬಣ್ಣ ಹೇಗೆ ಬಂತು ಅಂತ ಅಡಿಬರಹದಲ್ಲಿ ಒಂದು ಸಾಲು ಹಾಕಬೇಕಿತ್ತು. ಆದರೆ ‘ಬಳಿದದ್ದು’ ಅಂದರಲ್ಲ, ಅದನ್ನು ಮಾತ್ರ ಒಪ್ಪಲಾರೆ.

ಬೆಳಕು ಒಂದು ಅಲೆ, ಅದರ ಉದ್ದವನ್ನು ಮೈಕ್ರಾನಿನಲ್ಲಿ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಳೆಯುತ್ತಾರೆ. ನಮ್ಮ ಕಣ್ಣು ಸುಮಾರು 0.7 ಮೈಕ್ರಾನ್‌ವರೆಗಿನ ಬೆಳಕನ್ನಷ್ಟೇ ಕಾಣುತ್ತದೆ. ಅದರಾಚೆಗಿನದು ಅವಕೆಂಪು, ಅಂದರೆ ಇನ್‌ಫ್ರಾರೆಡ್. ನಂಬಿಕೆ ಬರದಿದ್ದರೆ ಟಿವಿ ರಿಮೋಟಿನ ಗುಂಡಿ ಒತ್ತಿ, ಅದರ ಮೂತಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಬರಿಗಣ್ಣಿಗೆ ಕಾಣದ ದೀಪ ಅಲ್ಲಿ ಮಿನುಗುತ್ತದೆ. ಕೆಲವು ಫೋನಿನಲ್ಲಿ ಕಾಣದು. ನಮ್ಮ ಕಚೇರಿಯಲ್ಲಿ ಗೆದ್ದದ್ದು ಎಲ್ಲಕ್ಕಿಂತ ಹಳೆಯ ಡಬ್ಬಾ ಫೋನು.

ದೂರದ ಗೆಲಾಕ್ಸಿಯ ಬೆಳಕು ಹೊರಡುವಾಗಲೇ ಅವಕೆಂಪಾಗಿ ಇರಬೇಕಿಲ್ಲ. 0.4 ಮೈಕ್ರಾನಿನ ನೇರಳೆಯಾಗಿ ಹೊರಟಿತು ಅನ್ನಿ. ಅದು ದಾರಿಯಲ್ಲಿರುವಾಗ ವಿಶ್ವ ಮೂರು ಪಟ್ಟು ಹಿಗ್ಗಿದರೆ ಅಲೆಯೂ ಮೂರು ಪಟ್ಟು ಹಿಗ್ಗಿ, 1.2 ಮೈಕ್ರಾನ್ ಆಗಿ ನಮ್ಮನ್ನು ಮುಟ್ಟುತ್ತದೆ. ಇನ್ನೂ ದೂರದವುಗಳದ್ದು ಬೇರೆ ಕಥೆ. 0.12 ಮೈಕ್ರಾನಿಗಿಂತ ಗಿಡ್ಡ ಅಲೆಗಳನ್ನು ದಾರಿಯ ಹೈಡ್ರೋಜನ್ ನುಂಗಿಹಾಕುತ್ತದೆ. ವಿಶ್ವ ಎಂಟು ಪಟ್ಟು ಹಿಗ್ಗಿದ್ದರೆ ಆ ಗಡಿ ನಮಗೆ ಸುಮಾರು 0.97 ಮೈಕ್ರಾನಿನಲ್ಲಿ ಕಾಣುತ್ತದೆ. ಅಂಥ ಗೆಲಾಕ್ಸಿ ಮಾಮೂಲಿ ಚಿತ್ರದಲ್ಲಿ ನಾಪತ್ತೆ, ಅವಕೆಂಪು ಚಿತ್ರದಲ್ಲಿ ಹಾಜರ್. ಯಾವ ಸೋಸುಗಾಜಿನಲ್ಲಿ, ಅಂದರೆ ಒಂದೊಂದು ಅಳತೆಯ ಅಲೆಯನ್ನಷ್ಟೇ ಬಿಡುವ ಫಿಲ್ಟರಿನಲ್ಲಿ, ಮಾಯವಾಯಿತು ಅನ್ನುವುದರಿಂದಲೇ ದೂರದ ಅಂದಾಜು. ಮೋಸ ಹೋಗುವುದೂ ಉಂಟು: ನಮ್ಮ ಪಕ್ಕದ ತಣ್ಣನೆಯ ಕುಬ್ಜ ನಕ್ಷತ್ರವೂ ಹೀಗೇ ಕೆಂಪಗೆ ಕುಳಿತಿರುತ್ತದೆ.

ಚಿತ್ರ ಮಾಡುವಾಗ ಗಿಡ್ಡ ಅಲೆಗೆ ನೀಲಿ, ಉದ್ದ ಅಲೆಗೆ ಕೆಂಪು ಕೊಡುತ್ತಾರೆ. ಹಾಡನ್ನು ನಮ್ಮ ಕಿವಿಗೆ ನಿಲುಕುವ ಶ್ರುತಿಗೆ ಏರಿಸಿದ ಹಾಗೆ. ರಾಗ ಬದಲಾಗುವುದಿಲ್ಲ ಅಲ್ವಾ?

ಇನ್ನು ವರ್ಷಗಟ್ಟಲೆ ನೋಡುವ ಮಾತು. ಚಿಲಿಯ ಪರಾನಲ್‌ನಲ್ಲಿ ವಿಸ್ಟಾ ಎಂಬ, 4.1 ಮೀಟರ್ ಅಗಲದ ಕನ್ನಡಿಯ ದುರ್ಬೀನಿದೆ. ಅದರ ಅಲ್ಟ್ರಾವಿಸ್ಟಾ ಸಮೀಕ್ಷೆ 2009ರ ಕೊನೆಗೆ ಶುರುವಾಯಿತು. ನೋಡಿದ್ದು ಒಂದೂವರೆ ಚದರ ಡಿಗ್ರಿ, ಏಳೆಂಟು ಹುಣ್ಣಿಮೆ ಚಂದ್ರರನ್ನು ಜೋಡಿಸಿಟ್ಟಷ್ಟು ಜಾಗ. ಯಾಕೆ ಅಷ್ಟು ಕಾಲ? ಅವಕೆಂಪಿನಲ್ಲಿ ನಮ್ಮ ರಾತ್ರಿಯ ಗಾಳಿಯೇ ಮಿನುಗುತ್ತದೆ, ಗೆಲಾಕ್ಸಿಗಿಂತ ಎಷ್ಟೋ ಜಾಸ್ತಿ. ನಿಮ್ಮ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗಿ, ಆಮೇಲೆ ಖಾಲಿ ಗಾಡಿ ತೂಗಿ ಕಳೆಯುತ್ತಾರಲ್ಲ, ಇದೂ ಅದೇ ಲೆಕ್ಕ. ಆದರೆ ಇಲ್ಲಿ ಗಾಡಿಯಲ್ಲಿರುವುದು ಕಬ್ಬಿನ ಒಂದು ಗಿಣ್ಣು, ಮೇಲಾಗಿ ಖಾಲಿ ಗಾಡಿಯ ತೂಕ ನಿಮಿಷನಿಮಿಷಕ್ಕೂ ಬದಲಾಗುತ್ತದೆ! ಅದಕ್ಕೇ ಸಣ್ಣಸಣ್ಣ ಚಿತ್ರ ಸಾವಿರಾರು ತೆಗೆದು, ಆಕಾಶದ ಪಾಲು ಕಳೆದು, ಉಳಿದದ್ದನ್ನು ಕೂಡಿಸುತ್ತಾರೆ.

ಚಾಮುಂಡಿ ಬೆಟ್ಟ? ದಸರಾ ದೀಪ ಆರಿಸಿಬಿಡಬಹುದು, ಗಾಳಿಯ ತೇವವನ್ನು ಏನು ಮಾಡೋಣ? ನೀರಾವಿ ಅವಕೆಂಪಿನ ಎಷ್ಟೋ ಪಾಲನ್ನು ಹೀರಿಬಿಡುತ್ತದೆ. ಅದಕ್ಕೇ ನಮ್ಮವರು ಲಡಾಖಿನ ಹಾನ್ಲೆಗೆ ಹೋದರು. ಅಲ್ಲಿ 4,500 ಮೀಟರ್ ಎತ್ತರದಲ್ಲಿ 2 ಮೀಟರಿನ ‘ಹಿಮಾಲಯನ್ ಚಂದ್ರ’ ದುರ್ಬೀನಿದೆ (ವಿಜ್ಞಾನಿ ಚಂದ್ರಶೇಖರ್ ಅವರ ಹೆಸರಿನದು). ಅದನ್ನು ನಡೆಸುವವರು ಹೊಸಕೋಟೆಯಲ್ಲಿ ಕೂತಿರುತ್ತಾರೆ, ಗೊತ್ತಾ? 2023ರ ಜುಲೈ 1ರಂದು ಹಾರಿದ ಯೂಕ್ಲಿಡ್ ಎಂಬ ಬಾಹ್ಯಾಕಾಶ ದುರ್ಬೀನಂತೂ ಗಾಳಿಯ ಸಹವಾಸವನ್ನೇ ಬಿಟ್ಟಿತು. ಆಕಾಶದ ಸುಮಾರು ಮೂರನೇ ಒಂದು ಪಾಲನ್ನು ನೋಡುವುದು ಅದರ ಕೆಲಸ.

ಮುಂದಿನ ಸಂಚಿಕೆಯಲ್ಲಿ ಅದೇ ಚಿತ್ರವನ್ನು, ಯಾವ ಅಲೆಗೆ ಯಾವ ಬಣ್ಣ ಅಂತ ಬರೆದು, ಮತ್ತೆ ಹಾಕುತ್ತೇವೆ. ನಿಮ್ಮ ಫೋನಿನಲ್ಲಿ ರಿಮೋಟ್ ಮಿನುಗಿತೋ ಇಲ್ಲವೋ, ಒಂದು ಕಾರ್ಡು ಹಾಕಿ.