ಕ್ಯಾಲಿಫೋರ್ನಿಯಾದ 'ಬಜೆಟ್ ಸುಧಾರಣೆ' ಪ್ರಾಪೊಸಿಷನ್‌ಗೆ ಯೆಸ್ಸೋ ನೋವೋ ಎಂದು ತೀರ್ಮಾನಿಸುವುದು ಹೇಗೆ?

ಹೊಸದಾಗಿ ಪೌರತ್ವ ಸಿಕ್ಕಿದೆ, ಬ್ಯಾಲೆಟ್‌ನಲ್ಲಿ ಬಜೆಟ್ ಸುಧಾರಣೆಯ ಪ್ರಾಪೊಸಿಷನ್ (ಮತದಾರರೇ ನೇರವಾಗಿ ಯೆಸ್ ಅಥವಾ ನೋ ಹಾಕಿ ತೀರ್ಮಾನಿಸುವ ಪ್ರಸ್ತಾವ) ಬಂದರೆ ಎಲ್ಲಿಂದ ಓದಲಿ ಎಂದು ಕೇಳಿದ್ದೀರಿ. ಚುನಾವಣೆಗೆ ಮುನ್ನ ರಾಜ್ಯವೇ ಮತದಾರರಿಗೆ ಕಳಿಸುವ ಕೈಪಿಡಿ, ವೋಟರ್ ಗೈಡನ್ನು ಕೊನೆಯಿಂದ ಓದಿ. ಶೀರ್ಷಿಕೆ, ಸಾರಾಂಶ ಬರೆಯುವುದು ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್. ಅವರೂ ಚುನಾವಣೆ ಗೆದ್ದು ಬಂದ ರಾಜಕಾರಣಿಯೇ. ಪರ-ವಿರೋಧದ ವಾದಗಳು ಶುದ್ಧ ಪ್ರಚಾರ. ಗೈಡ್‌ನ ಕೊನೆಯಲ್ಲಿ ಪೂರ್ಣ ಪಠ್ಯ ಇರುತ್ತದೆ. ಗೆರೆ ಹೊಡೆದದ್ದು ತೆಗೆದುಹಾಕುವ ಸಾಲು, ಓರೆ ಅಕ್ಷರದ್ದು ಹೊಸದಾಗಿ ಸೇರುವ ಸಾಲು. ಅದಾದ ಮೇಲೆ ಶಾಸನಸಭೆಗೆ ಹಣಕಾಸಿನ ಸಲಹೆ ಕೊಡುವ ಲೆಜಿಸ್ಲೇಟಿವ್ ಅನಲಿಸ್ಟ್ ಕಚೇರಿಯ ವಿಶ್ಲೇಷಣೆ ಓದಿ. ಅದು ಯಾವ ಪಕ್ಷಕ್ಕೂ ಸೇರಿದ್ದಲ್ಲ. ಗೈಡ್ ಹಿಂದಿಯಲ್ಲೂ ಸಿಗುತ್ತದೆ, ಕನ್ನಡದಲ್ಲಿಲ್ಲ.

ಓದುವಾಗ ನಾನು ಮೊದಲು ಹುಡುಕುವುದು ಯಾವುದಕ್ಕೆ ಎಷ್ಟು ಬಹುಮತ ಬೇಕು ಎನ್ನುವುದನ್ನು. ಕರ್ನಾಟಕದ ವಿಧಾನಸಭೆಯಲ್ಲಿ ಬಜೆಟ್‌ಗೆ ಸರಳ ಬಹುಮತ ಸಾಕು, ಹಾಗಾಗಿ ನಮಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2010ರವರೆಗೆ ಬಜೆಟ್‌ಗೂ ಮೂರನೇ ಎರಡರಷ್ಟು ಮತ ಬೇಕಿತ್ತು. ಆ ವರ್ಷ ಪ್ರಾಪೊಸಿಷನ್ 25 ಗೆದ್ದು ಅದು ಸರಳ ಬಹುಮತಕ್ಕೆ ಇಳಿಯಿತು. ತೆರಿಗೆ ಏರಿಸಲು ಮಾತ್ರ 1978ರ ಪ್ರಾಪೊಸಿಷನ್ 13 ಹಾಕಿದ ಮೂರನೇ ಎರಡರ ಬೀಗ ಹಾಗೇ ಉಳಿಯಿತು.

ಪ್ರಾಪೊಸಿಷನ್ 25ರಲ್ಲಿ ಜನರಿಗೆ ಹಿಡಿಸಿದ್ದು ಇನ್ನೊಂದು ಅಂಶ: ಜೂನ್ 15ರೊಳಗೆ ಬಜೆಟ್ ಪಾಸಾಗದಿದ್ದರೆ ಶಾಸಕರಿಗೆ ಸಂಬಳವಿಲ್ಲ. 2011ರಲ್ಲಿ ಶಾಸಕರು ಗಡುವಿನೊಳಗೆ ಒಂದು ಬಜೆಟ್ ಪಾಸು ಮಾಡಿದರು, ಗವರ್ನರ್ ಜೆರ್ರಿ ಬ್ರೌನ್ ವೀಟೊ ಹಾಕಿದರು. ಲೆಕ್ಕ ಸರಿದೂಗಿಲ್ಲ ಎಂದು ರಾಜ್ಯದ ಹಣ ಪಾವತಿ ನೋಡಿಕೊಳ್ಳುವ ಕಂಟ್ರೋಲರ್ ಜಾನ್ ಚಿಯಾಂಗ್ ಸಂಬಳ ತಡೆದರು. ಹಾಗೆ ತೀರ್ಮಾನಿಸುವ ಅಧಿಕಾರ ಕಂಟ್ರೋಲರ್‌ಗಿಲ್ಲ ಎಂದು ಆಮೇಲೆ ಕೋರ್ಟು ಹೇಳಿತು. ಅಂದರೆ ಸರಿದೂಗಿದೆ ಎಂದು ಶಾಸಕರೇ ಹೇಳಿಕೊಂಡರೆ ಮುಗಿಯಿತು. ಆದ್ದರಿಂದ ಶಿಕ್ಷೆಯ ಕಲಂ ಕಂಡಾಗೆಲ್ಲ ಅದನ್ನು ಜಾರಿ ಮಾಡುವವರು ಯಾರು ಎಂದು ಪಠ್ಯದಲ್ಲಿ ಹುಡುಕಿ. ಹೆಸರಿಲ್ಲದಿದ್ದರೆ ಆ ಕಲಮನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಒಂದೇ ಪ್ರಾಪೊಸಿಷನ್‌ನಲ್ಲಿ ಎಷ್ಟು ವಿಷಯ ತುರುಕಿದ್ದಾರೆ ಎನ್ನುವುದೂ ಮುಖ್ಯ. 2012ರ ಪ್ರಾಪೊಸಿಷನ್ 31ರಲ್ಲಿ ಎರಡು ವರ್ಷದ ಬಜೆಟ್ ಇತ್ತು, 2.5 ಕೋಟಿ ಡಾಲರ್ ಮೀರಿದ ಹೊಸ ಖರ್ಚಿಗೆ ಹಣದ ಮೂಲ ತೋರಿಸಬೇಕೆಂಬ ನಿಯಮ, ಗವರ್ನರ್‌ಗೆ ತುರ್ತು ಕಡಿತದ ಅಧಿಕಾರ, ಮಸೂದೆಯನ್ನು ಮೂರು ದಿನ ಮೊದಲೇ ಪ್ರಕಟಿಸುವ ನಿಯಮ, ಸಾಲದ್ದಕ್ಕೆ ಸ್ಥಳೀಯ ಸಂಸ್ಥೆಗಳು ರಾಜ್ಯದ ಕಾರ್ಯಕ್ರಮಗಳನ್ನು ತಮ್ಮ ರೀತಿಯಲ್ಲಿ ನಡೆಸುವ ಅವಕಾಶ. ಜನ ಸೋಲಿಸಿದರು. ಮಸೂದೆ ಪ್ರಕಟಿಸುವ ಅಂಶ ಈ ಕಟ್ಟಿನಿಂದ ಬೇರೆಯಾಗಿ, 72 ಗಂಟೆಯ ನಿಯಮವಾಗಿ 2016ರಲ್ಲಿ ಪ್ರಾಪೊಸಿಷನ್ 54 ಹೆಸರಲ್ಲಿ ಬಂದು ಗೆದ್ದಿತು. ಇಷ್ಟವಾದ ಒಂದು ಅಂಶಕ್ಕಾಗಿ ಇಡೀ ಕಟ್ಟಿಗೆ ಯೆಸ್ ಹಾಕುವ ಅಗತ್ಯವಿಲ್ಲ, ಅದು ಮತ್ತೆ ಬರಬಹುದು.

ಸೂತ್ರ ಇದ್ದರೆ ಕಾಗದದ ಮೇಲೆ ಲೆಕ್ಕ ಹಾಕಿ. 2014ರ ಪ್ರಾಪೊಸಿಷನ್ 2 ಪ್ರಕಾರ ಪ್ರತಿವರ್ಷ ಜನರಲ್ ಫಂಡ್ (ರಾಜ್ಯದ ಮುಖ್ಯ ಖಜಾನೆ) ಆದಾಯದ 1.5% ತೆಗೆದಿಡಬೇಕು. ಕ್ಯಾಪಿಟಲ್ ಗೇನ್ಸ್ ತೆರಿಗೆ (ಶೇರು, ಆಸ್ತಿ ಮಾರಿದ ಲಾಭದ ಮೇಲಿನ ತೆರಿಗೆ) ಜನರಲ್ ಫಂಡ್ ತೆರಿಗೆಯ 8% ದಾಟಿದರೆ ಹೆಚ್ಚಾದದ್ದರಲ್ಲೂ ಒಂದು ಪಾಲು. ಶೇರುಪೇಟೆ ಏರಿದಾಗ ಉಕ್ಕಿ, ಬಿದ್ದಾಗ ಬತ್ತುವ ಆದಾಯ ಅದು, ಹಾಗಾಗಿ ಸೂತ್ರ ಸರಿಯಾದ ಜಾಗಕ್ಕೇ ಕೈ ಹಾಕಿದೆ. ಆದರೆ ಈ ಪ್ರಾಪೊಸಿಷನ್ ಗೆದ್ದರೆ ಮಾತ್ರ ಜಾರಿಯಾಗುವ ಬೇರೊಂದು ಕಾನೂನನ್ನು ಶಾಸನಸಭೆ ಮೊದಲೇ ಮಾಡಿಟ್ಟಿತ್ತು: ಕೆಲವು ವರ್ಷಗಳಲ್ಲಿ ಶಾಲಾ ಜಿಲ್ಲೆಗಳ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳ) ಉಳಿತಾಯಕ್ಕೆ ಮಿತಿ. ಇಂಥ ಬಾಲ ಪಠ್ಯದಲ್ಲಿ ಕಾಣುವುದಿಲ್ಲ, ಅನಲಿಸ್ಟ್ ವಿಶ್ಲೇಷಣೆಯಲ್ಲಿ ಸಿಗುತ್ತದೆ.

ಇಷ್ಟಾದರೂ ಅನುಮಾನ ಉಳಿದರೆ ನನ್ನ ಮತ ನೋ. ಸಂವಿಧಾನಕ್ಕೆ ಸೇರಿದ ಸೂತ್ರ ಕೆಟ್ಟರೆ ತಿದ್ದಲು ಮತ್ತೆ ಮತದಾರರ ಮುಂದೆಯೇ ಬರಬೇಕು. ನೋ ಗೆದ್ದರೆ ಈಗಿನ ನಿಯಮ ಮುಂದುವರಿಯುತ್ತದೆ, ಅಷ್ಟೆ. (ಶಾಸನಸಭೆ ಆಗಲೇ ಮಾಡಿದ ಕಾನೂನನ್ನು ಮತಕ್ಕೆ ಹಾಕುವ ರೆಫರೆಂಡಮ್ ಆದರೆ ತಿರುಗುಮುರುಗು: ಅಲ್ಲಿ ಯೆಸ್ ಅಂದರೆ ಆ ಕಾನೂನು ಉಳಿಯಲಿ ಎಂದು.) ಖಾಲಿ ಬಿಟ್ಟರೂ ಬ್ಯಾಲೆಟ್‌ನ ಉಳಿದ ಮತಗಳು ಎಣಿಕೆಯಾಗುತ್ತವೆ.

ಅಂಚೆ ಲಕೋಟೆಯ ಮೇಲೆ ಸಹಿ ಮರೆಯಬೇಡಿ. ಅದನ್ನು ನಿಮ್ಮ ನೋಂದಣಿ ದಾಖಲೆಯ ಸಹಿಯ ಜೊತೆ ಹೋಲಿಸುತ್ತಾರೆ. ಅಲ್ಲಿ ಕನ್ನಡದಲ್ಲಿ ಸಹಿ ಮಾಡಿದ್ದರೆ ಇಲ್ಲೂ ಕನ್ನಡದಲ್ಲೇ ಮಾಡಿ.